ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು ಮತ್ತು ಆಚಾರ್ಯಪದ ಪ್ರದಾನ

ಜಿನಬಿಂಬ ಪ್ರತಿಷ್ಠಾಪನೆಯ ಈ ಮಂಗಳ ಸಂದರ್ಭದಲ್ಲಿ ಪ್ರಾತಃಸ್ಮರಣೀಯರಾದ ಗುರುಗಳ ಜೀವನವನ್ನು ನೆನೆಯುವುದು ಶ್ರಾವಕರಾದ ನಮ್ಮೆಲ್ಲರ ಕರ್ತವ್ಯವಾಗಿದೆ. ದೇವ, ಶಾಸ್ತ್ರ, ಗುರು ಎಂಬ ಮೂರರಲ್ಲಿ ದೇವರ ಬಿಂಬವನ್ನು ನಾವು ಪ್ರತಿಷ್ಠಾಪಿಸಬಹುದು, ಶಾಸ್ತ್ರವನ್ನು ಬರೆಸಿ ಅಚ್ಚುಹಾಕಿಸಬಹುದು; ಗುರುಪರಂಪರೆಯನ್ನು ಮಾತ್ರ ಹಣ ಕೊಟ್ಟು ಮಾಡಿಸಲಾಗದು. ಅದು ಒಬ್ಬ ತಪಸ್ವಿಯಿಂದ ಮತ್ತೊಬ್ಬ ತಪಸ್ವಿಗೆ ಕೈದಾಟಿ ಬರಬೇಕು. ಹಾಗೆ ಬರುತ್ತಿದ್ದ ಪರಂಪರೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಬಹುತೇಕ ಬತ್ತಿಹೋಗಿದ್ದಾಗ ಅದಕ್ಕೆ ಪುನಃ ನೀರೆರೆದವರಲ್ಲಿ ಅಗ್ರಗಣ್ಯರು ಕನ್ನಡ ನಾಡಿನವರೇ ಆದ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು. ಅವರ ತಪಸ್ಸು, ಉಪವಾಸ, ಉಪಸರ್ಗಜಯಗಳನ್ನು ಕುರಿತು ಬಹಳಷ್ಟು ಬರೆದಿದ್ದಾರೆ. ಆದರೆ ತಾವೇ ಕಟ್ಟಿ ನಿಲ್ಲಿಸಿದ ಸಂಘದ ಹೊಣೆಯನ್ನು ಅವರು ತಮ್ಮ ಕಡೆಯ ದಿನಗಳಲ್ಲಿ ಮತ್ತೊಬ್ಬರಿಗೆ ಒಪ್ಪಿಸಿದ ರೀತಿಯನ್ನು ಕುರಿತು ನಮ್ಮ ಕಡೆ ಅಷ್ಟಾಗಿ ಪ್ರಸ್ತಾಪವಾಗಿಲ್ಲ. ಆದುದರಿಂದ ಈ ಲೇಖನದಲ್ಲಿ ಆ ಭಾಗಕ್ಕೆ ಹೆಚ್ಚು ಗಮನ ಕೊಡಲಾಗಿದೆ.

ತುಮಕೂರು ಸೀಮೆಯ ಶ್ರಾವಕರಿಗೆ ಶಾಂತಿಸಾಗರರ ಹೆಸರು ಹೊಸದಲ್ಲ. ತುಮಕೂರಿನ ಸಮೀಪ ಪಂಡಿತನಹಳ್ಳಿಯ ಬಳಿಯಿರುವ ಮಂದರಗಿರಿಯ ತಪ್ಪಲಿನಲ್ಲಿ ನವಿಲುಗರಿಯ ಪಿಂಛಿಯ ಆಕಾರದಲ್ಲಿ 81 ಅಡಿ ಎತ್ತರಕ್ಕೆ ನಿಂತಿರುವ ಗುರುಮಂದಿರವು ಅವರ ಹೆಸರಿನದೇ. ಸಿ.ಎಸ್. ಪುರ, ಗುಬ್ಬಿ, ಕುಣಿಗಲ್ ಕಡೆಯಿಂದ ಬಸದಿ ಬೆಟ್ಟಕ್ಕೆ ಹೋಗಿಬರುವವರು ಮೊದಲು ಕಾಣುವುದು ಅದನ್ನೇ. ನಮ್ಮ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹನ್ನೆರಡನೆಯ ಶತಮಾನದ ಶಾಂತಿನಾಥ ಬಸದಿಯಿದೆ. ಹೊಯ್ಸಳರ ಕಾಲದಲ್ಲಿ ಇಂತಹ ಬಸದಿಗಳ ಹಿಂದೆ ಮುನಿಸಂಘಗಳ ಬಲವಿತ್ತು. ಮುನಿಗಳ ಉಪದೇಶದಿಂದಲೇ ದಾನಿಗಳು ಮುಂದೆ ಬರುತ್ತಿದ್ದರು ಎಂಬುದು ಆ ಕಾಲದ ಶಾಸನಗಳನ್ನು ಓದಿದವರಿಗೆಲ್ಲ ತಿಳಿದ ವಿಷಯ. ಬಸದಿಗಳು ಉಳಿದು ಮುನಿಗಳು ಕಾಣದಂತಾದ ಶತಮಾನಗಳು ಆಮೇಲೆ ಬಂದವು.

ಶಾಂತಿಸಾಗರರು ಕ್ರಿ.ಶ. 1872ರಲ್ಲಿ ತಾಯಿಯ ತವರಾದ ಯಳಗುಡದಲ್ಲಿ ಜನಿಸಿದರು. ಅವರ ಮನೆತನದ ಊರು ಬೆಳಗಾವಿ ಜಿಲ್ಲೆಯ ಭೋಜ. ದೂಧಗಂಗಾ ಮತ್ತು ವೇದಗಂಗಾ ನದಿಗಳು ಕೂಡುವ ಸ್ಥಳ ಅದು. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. ಮಗುವಿಗೆ ಸಾತಗೌಡ ಎಂದು ಹೆಸರಿಟ್ಟರು. ಒಕ್ಕಲುತನದ ಮನೆ, ಊರಿನ ಗೌಡಿಕೆ, ಜೊತೆಗೆ ಒಂದು ಬಟ್ಟೆಯ ಅಂಗಡಿ. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿಗೇ ವಿವಾಹವಾಯಿತು. ಕೆಲವೇ ತಿಂಗಳಲ್ಲಿ ಆ ಬಾಲಕಿ ತೀರಿಕೊಂಡಳು. ಮುಂದೆ ಮನೆಯವರು ಎಷ್ಟು ಹೇಳಿದರೂ ಸಾತಗೌಡರು ಮರುಮದುವೆಗೆ ಒಪ್ಪಲಿಲ್ಲ. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ಕುಡಿಯಲು ನೀರಿಡುತ್ತಿದ್ದರೆಂದೂ, ಅಂಗಡಿಯಲ್ಲಿ ಕುಳಿತಾಗ ಗಿರಾಕಿಗಳೇ ಬಟ್ಟೆ ಅಳೆದುಕೊಂಡು ಲೆಕ್ಕ ಬರೆದಿಟ್ಟು ಹೋಗುವಂತೆ ಬಿಡುತ್ತಿದ್ದರೆಂದೂ, ಊರಿಗೆ ಬಂದ ಮುನಿಗಳನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದರೆಂದೂ ಅವರ ಚರಿತ್ರಕಾರರು ಬರೆದಿದ್ದಾರೆ. ತಂದೆತಾಯಿಗಳು ಬದುಕಿರುವವರೆಗೆ ಮನೆ ಬಿಡಬಾರದೆಂಬ ಅವರ ಅಪೇಕ್ಷೆಗೆ ಕಟ್ಟುಬಿದ್ದು, ವೈರಾಗ್ಯವು ಎಂದೋ ಪಕ್ವವಾಗಿದ್ದರೂ ನಲವತ್ತು ವರ್ಷ ದಾಟುವವರೆಗೆ ಗೃಹಸ್ಥರಾಗಿಯೇ ಉಳಿದರು. ಅವಸರಪಡದ ಈ ಸ್ವಭಾವ ಅವರ ಬದುಕಿನಲ್ಲಿ ಕೊನೆಯವರೆಗೂ ಕಾಣುತ್ತದೆ.

ಮಾತಾಪಿತೃಗಳ ಮರಣಾನಂತರ ಅವರು ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆಯನ್ನು ಪಡೆದರು. ಆ ದಿನಗಳಲ್ಲಿ ಆ ಪ್ರಾಂತದಲ್ಲಿ ದಿಗಂಬರ ಮುನಿಗಳನ್ನು ನಿರ್ವಾಣಸ್ವಾಮಿಗಳೆಂದು ಕರೆಯುತ್ತಿದ್ದರು. ಅಂಥವರ ಸಂಖ್ಯೆ ಬೆರಳೆಣಿಕೆಯಷ್ಟು. ಕಾಲದೋಷದಿಂದ ಅವರ ಚರ್ಯೆಯಲ್ಲಿ ಕೆಲವು ಶೈಥಿಲ್ಯಗಳು ಸೇರಿಕೊಂಡಿದ್ದವು. ಊರೊಳಗೆ ಬರುವಾಗ ಮೈಮೇಲೆ ವಸ್ತ್ರ ಹೊದೆಯುವುದು, ಯಾರ ಮನೆಯಲ್ಲಿ ಆಹಾರವೆಂಬುದನ್ನು ಪುರೋಹಿತರು ಮೊದಲೇ ಗೊತ್ತುಪಡಿಸಿ ಅಲ್ಲಿಗೇ ಕರೆದೊಯ್ಯುವುದು ವಾಡಿಕೆಯಾಗಿತ್ತು. ಸಾತಗೌಡರಾಗಿದ್ದ ಶಾಂತಿಸಾಗರರು ಶಾಸ್ತ್ರಗಳನ್ನು ಓದಿಕೊಂಡಿದ್ದವರು. ಮುಂಚಿತವಾಗಿ ನಿಗದಿಯಾದ ಮನೆಯಲ್ಲಿ ತಮಗಾಗಿಯೇ ಮಾಡಿದ ಆಹಾರವನ್ನು ಸ್ವೀಕರಿಸುವುದು ಆಗಮಸಮ್ಮತವಲ್ಲವೆಂದು ಅವರಿಗೆ ತಿಳಿದಿತ್ತು. ಆದುದರಿಂದ ಹಾಗೆ ಕರೆದಲ್ಲಿಗೆ ಹೋಗಲು ಒಪ್ಪದೆ, ವಿಧಿ ದೊರೆತರೆ ಆಹಾರ, ಇಲ್ಲವಾದರೆ ಉಪವಾಸ ಎಂದು ನಿರ್ಧರಿಸಿದರು. ವಿಧಿ ತಿಳಿಯದ ಊರುಗಳಲ್ಲಿ ಸಹಜವಾಗಿಯೇ ಉಪವಾಸಗಳಾದವು. ಯಾರನ್ನೂ ದೂಷಿಸದೆ, ಯಾರೊಡನೆಯೂ ವಾದಕ್ಕಿಳಿಯದೆ, ಹಸಿದುಕೊಂಡೇ ಒಂದು ಪ್ರಾಂತದ ಶ್ರಾವಕರಿಗೆ ಆಹಾರದಾನದ ವಿಧಿಯನ್ನು ಕಲಿಸಿದ ಗುರುಗಳು ಅವರು. ಇಂದು ನಮ್ಮ ಮನೆಯ ಹೆಂಗಸರು ಕಲಶ ಹಿಡಿದು ಬಾಗಿಲಲ್ಲಿ ನಿಂತು ಪಡಿಗಾಹಿಸುವುದು ಸರ್ವಸಾಮಾನ್ಯವಾಗಿ ಕಾಣುತ್ತದೆ. ಅದು ಮತ್ತೆ ರೂಢಿಗೆ ಬರಲು ತೆತ್ತ ಬೆಲೆ ಇಂತಹದು.

ಗಿರನಾರ್ ಯಾತ್ರೆಯಲ್ಲಿ ಭಗವಾನ್ ನೇಮಿನಾಥರ ಸನ್ನಿಧಿಯಲ್ಲಿ ಸ್ವತಃ ಐಲಕ ವ್ರತವನ್ನು ಧರಿಸಿದರು. 1920ರಲ್ಲಿ ಬೆಳಗಾವಿ ಜಿಲ್ಲೆಯ ಯರನಾಳದಲ್ಲಿ ಪಂಚಕಲ್ಯಾಣ ಮಹೋತ್ಸವದ ಸಂದರ್ಭದಲ್ಲಿ ಅದೇ ದೇವೇಂದ್ರಕೀರ್ತಿ ಮುನಿಗಳಿಂದ ನಿರ್ಗ್ರಂಥ ದೀಕ್ಷೆಯಾಯಿತು. ಕೊಣ್ಣೂರಿನಲ್ಲಿ ಧ್ಯಾನಸ್ಥರಾಗಿದ್ದಾಗ ಸರ್ಪವೊಂದು ಮೈಮೇಲೆ ಹರಿದಾಡಿದರೂ ಅವರು ಕದಲಲಿಲ್ಲವೆಂಬ ಪ್ರಸಂಗವನ್ನು ಉತ್ತರ ಕರ್ನಾಟಕದ ಶ್ರಾವಕರ ಮನೆಗಳಲ್ಲಿ ಇಂದಿಗೂ ಮಕ್ಕಳಿಗೆ ಹೇಳುತ್ತಾರೆ. ಮುನಿಜೀವನದಲ್ಲಿ ಅವರು ಮಾಡಿದ ಉಪವಾಸಗಳನ್ನು ಚರಿತ್ರಕಾರರು 9,938 ಎಂದು ಎಣಿಸಿದ್ದಾರೆ. ಮೂವತ್ತೈದು ವರ್ಷಗಳ ಅವಧಿಯಲ್ಲಿ ಇಪ್ಪತ್ತೇಳು ವರ್ಷಕ್ಕೂ ಮೀರಿದ ನಿರಾಹಾರವೆಂದರೆ ನಮ್ಮಂತಹವರಿಗೆ ಲೆಕ್ಕ ಮಾಡಲು ಸಾಧ್ಯವೇ ಹೊರತು ಕಲ್ಪಿಸಿಕೊಳ್ಳಲು ಸಾಧ್ಯವಿಲ್ಲ.

1924ರಲ್ಲಿ ಸಾಂಗ್ಲಿಯ ಸಮೀಪದ ಸಮಡೋಳಿಯಲ್ಲಿ ಚತುರ್ವಿಧ ಸಂಘವು ಅವರಿಗೆ ಆಚಾರ್ಯಪದವನ್ನು ಅರ್ಪಿಸಿತು. ಈ ಘಟನೆಯ ಒಂದು ವಿಶೇಷವನ್ನು ಓದುಗರು ಇಲ್ಲಿ ಗಮನಿಸಬೇಕು. ಶಾಂತಿಸಾಗರರು ಆಚಾರ್ಯರಾದುದು ಹಿಂದಿನ ಆಚಾರ್ಯರೊಬ್ಬರು ಪಟ್ಟ ಬಿಟ್ಟುಕೊಟ್ಟುದರಿಂದಲ್ಲ. ಮುನಿಗಳು, ಆರ್ಯಿಕೆಯರು, ಶ್ರಾವಕರು, ಶ್ರಾವಿಕೆಯರು ಕೂಡಿ ಯೋಗ್ಯರೆಂದು ಒಪ್ಪಿ ಅವರನ್ನು ಆ ಸ್ಥಾನದಲ್ಲಿ ಕೂರಿಸಿದರು. ಅದೇ ಕಾಲದಲ್ಲಿ ಅಂಕಲಿಯ ಆದಿಸಾಗರರು, ರಾಜಸ್ಥಾನದ ಛಾಣಿಯ ಶಾಂತಿಸಾಗರರು ಮೊದಲಾದವರೂ ಮುನಿಮಾರ್ಗವನ್ನು ಬೆಳಗಿದರು. ಹೆಸರು ಒಂದೇ ಆದುದರಿಂದ ಛಾಣಿಯ ಶಾಂತಿಸಾಗರರನ್ನೂ ನಮ್ಮ ಶಾಂತಿಸಾಗರರನ್ನೂ ಒಬ್ಬರೆಂದೇ ತಿಳಿಯುವವರಿದ್ದಾರೆ. ಇಬ್ಬರೂ 1933ರಲ್ಲಿ ಬ್ಯಾವರದಲ್ಲಿ ಒಟ್ಟಿಗೆ ಚಾತುರ್ಮಾಸ ಮಾಡಿದ್ದರೆಂಬುದನ್ನು ನೆನಪಿಟ್ಟುಕೊಂಡರೆ ಆ ಗೊಂದಲ ತೀರುತ್ತದೆ. ಇರಲಿ. ಸಂಘವು ಕೊಟ್ಟ ಪದವಿಯನ್ನು ಸ್ವೀಕರಿಸಿದವರು ಅದನ್ನು ಮುಂದೆ ಯಾರಿಗೆ, ಹೇಗೆ ಕೊಡಬೇಕೆಂಬುದಕ್ಕೆ ಆ ಸಂಘದಲ್ಲಿ ಹಿಂದಿನ ಮೇಲ್ಪಂಕ್ತಿ ಇರಲಿಲ್ಲ. ಮೊದಲ ಪದಪ್ರದಾನದ ಮಾದರಿಯನ್ನು ಹಾಕಿಕೊಡುವ ಹೊಣೆಯೂ ಅವರ ಪಾಲಿಗೇ ಬಂದಿತು.

ಅನಂತರದ ಮೂರು ದಶಕಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 1927ರಲ್ಲಿ ಕುಂಭೋಜದ ಬಾಹುಬಲಿ ಕ್ಷೇತ್ರದಿಂದ ಹೊರಟ ಸಂಘವು ಕಾಲ್ನಡಿಗೆಯಲ್ಲಿ 1928ರಲ್ಲಿ ಸಮ್ಮೇದ ಶಿಖರಜಿಯನ್ನು ತಲುಪಿತು. ಆಮೇಲೆ ಕಟನಿ, ಲಲಿತಪುರ, ಮಥುರಾ. 1931ರಲ್ಲಿ ದೆಹಲಿ, 1932ರಲ್ಲಿ ಜಯಪುರ. ಶತಮಾನಗಳಿಂದ ದಿಗಂಬರ ಮುನಿಸಂಘದ ದರ್ಶನವಾಗದಿದ್ದ ಊರುಗಳಲ್ಲಿ ಜನ ದಾರಿಯ ಇಕ್ಕೆಲಗಳಲ್ಲಿ ನಿಂತು ನೋಡಿದರು. ಕನ್ನಡ ಮರಾಠಿಗಳ ಗಡಿಯಲ್ಲಿ ಹುಟ್ಟಿದ ಒಕ್ಕಲು ಮನೆತನದ ಮುನಿಯೊಬ್ಬರು ಇಡೀ ಭಾರತದ ದಿಗಂಬರ ಸಮಾಜಕ್ಕೆ ಗುರುಗಳಾದರು. ಶಿಷ್ಯರೂ ಎಲ್ಲ ಕಡೆಗಳಿಂದ ಬಂದರು. ಕುಡಚಿಯ ನೇಮಿಸಾಗರರು, ಐನಾಪುರದ ಪಾಯಸಾಗರರು ಮತ್ತು ಕುಂಥುಸಾಗರರು ಕನ್ನಡಿಗರು. ವೀರಸಾಗರರು, ಚಂದ್ರಸಾಗರರು ಮರಾಠವಾಡ ಹಾಗೂ ಖಾನದೇಶದ ಕಡೆಯ ಖಂಡೇಲವಾಲ ಸಮಾಜದವರು. ಸ್ವಂತ ಅಣ್ಣ ದೇವಗೌಡರೇ ತಮ್ಮನಿಂದ ದೀಕ್ಷೆ ಪಡೆದು ವರ್ಧಮಾನಸಾಗರರೆನಿಸಿಕೊಂಡರು.

ಮುಂಬಯಿ ಸರ್ಕಾರವು ತಂದ ದೇವಾಲಯ ಪ್ರವೇಶ ಶಾಸನವು ಜೈನ ಬಸದಿಗಳಿಗೂ ಅನ್ವಯಿಸುವುದೆಂಬ ಸಂದರ್ಭ ಬಂದಾಗ ಜೈನಧರ್ಮವು ಸ್ವತಂತ್ರವಾದುದೆಂದು ಪ್ರತಿಪಾದಿಸಿ 1948ರಿಂದ ಅನ್ನಾಹಾರವನ್ನು ತ್ಯಜಿಸಿದರು. 1951ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಬರುವವರೆಗೆ ಮೂರು ವರ್ಷ ಅನ್ನ ಮುಟ್ಟಲಿಲ್ಲ. ಆ ಶಾಸನದ ಹಿಂದೆ ಅಸ್ಪೃಶ್ಯತೆಯ ನಿವಾರಣೆಯಂತಹ ನ್ಯಾಯವಾದ ಉದ್ದೇಶವಿದ್ದುದರಿಂದ ಈ ಪ್ರಸಂಗವನ್ನು ಕುರಿತು ನಮ್ಮ ಸಮಾಜದೊಳಗೇ ಅಂದಿಗೂ ಇಂದಿಗೂ ಭಿನ್ನಾಭಿಪ್ರಾಯಗಳಿವೆ. ಅದನ್ನು ಮರೆಮಾಚುವುದು ಸರಿಯಲ್ಲ. ಆದರೆ ತಮ್ಮ ಮಾತಿಗೆ ಅನ್ಯರಿಂದ ಬೆಲೆ ಕೊಡಿಸದೆ ತಾವೇ ಬೆಲೆ ತೆತ್ತರೆಂಬುದನ್ನು ಎಲ್ಲರೂ ಒಪ್ಪುತ್ತಾರೆ.

ಅವರು ಸ್ಥಾಪನೆಗೆ ಕಾರಣರಾದ ಒಂದು ಸಂಸ್ಥೆಯ ವಿಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಮುಂದೆ ಆಚಾರ್ಯಪದದ ವಿಷಯದಲ್ಲಿ ಅವರು ನಡೆದುಕೊಂಡ ರೀತಿಯ ಬೀಜ ಅಲ್ಲಿದೆ. ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದುಬಂದ ಧವಲ, ಜಯಧವಲ, ಮಹಾಧವಲ ಸಿದ್ಧಾಂತಗ್ರಂಥಗಳ ಮಹತ್ತ್ವ ನಮಗೆಲ್ಲ ತಿಳಿದುದೇ. ಅವುಗಳಲ್ಲಿ ಮಹಾಬಂಧದ ಕೆಲವು ಓಲೆಗಳು ಹುಳು ತಿಂದು ಸಾವಿರಾರು ಶ್ಲೋಕಗಳಷ್ಟು ಭಾಗ ನಷ್ಟವಾಗಿದೆಯೆಂಬ ಸಂಗತಿ ಮಹಾರಾಜರ ಕಿವಿಗೆ ಬಿದ್ದಿತು. ಭಗವಂತನ ವಾಣಿಯು ಹೀಗೆ ಹುಳುವಿನ ಪಾಲಾಗುವುದನ್ನು ಅವರು ಸಹಿಸದಾದರು. ಓಲೆ ಹಾಳಾಗುತ್ತದೆ, ಕಾಗದವೂ ಹಾಳಾಗುತ್ತದೆ. ತಾಮ್ರದ ಮೇಲೆ ಕೆತ್ತಿಸಿದರೆ ಉಳಿದೀತು ಎಂಬುದು ಅವರ ವಿಚಾರ. ಅದಕ್ಕಾಗಿ 1940ರ ದಶಕದಲ್ಲಿ ರಚಿತವಾದುದೇ ಅವರ ಹೆಸರನ್ನು ಹೊತ್ತ ಜಿನವಾಣಿ ಜೀರ್ಣೋದ್ಧಾರಕ ಸಂಸ್ಥೆ. ಅದರ ಕೇಂದ್ರ ಫಲಟಣ. ಶ್ರಾವಕರು ಉದಾರವಾಗಿ ಹಣ ಕೊಟ್ಟರು, ಸಿದ್ಧಾಂತಗ್ರಂಥಗಳು ತಾಮ್ರಪಟಗಳಾದವು, ಶಾಸ್ತ್ರಗಳ ಮುದ್ರಣ ಪ್ರಸಾರಗಳೂ ನಡೆದವು.

ಇದರಲ್ಲಿ ಮಹಾರಾಜರ ಪಾತ್ರವೆಷ್ಟು? ಪ್ರೇರಣೆ ಅವರದು, ಸಂಸ್ಥೆಗೆ ಇಟ್ಟ ಹೆಸರು ಅವರದು. ಆದರೆ ನಿಧಿ, ಲೆಕ್ಕಪತ್ರ, ಆಡಳಿತ ಇವೆಲ್ಲವೂ ಮೊದಲ ದಿನದಿಂದಲೇ ಶ್ರಾವಕರ ಕೈಯಲ್ಲಿದ್ದವು. ನಿರ್ಗ್ರಂಥರು ಹಣವನ್ನು ಮುಟ್ಟುವಂತಿಲ್ಲವೆಂಬುದು ಸರಿಯೆ. ಮುಟ್ಟದೆಯೂ ಆಳುವ ಉಪಾಯಗಳು ಲೋಕದಲ್ಲಿ ಬೇಕಾದಷ್ಟಿವೆ. ಅವರು ಅವುಗಳ ಗೊಡವೆಗೆ ಹೋಗಲಿಲ್ಲ. ಕಾರ್ಯ ಆರಂಭವಾದ ಮೇಲೆ ಅದನ್ನು ನಡೆಸತಕ್ಕವರ ಕೈಗೆ ಬಿಟ್ಟು ವಿಹಾರ ಮುಂದುವರಿಸಿದರು. ಊರೂರಿನ ನಮ್ಮ ಸಮಾಜಗಳಲ್ಲಿ ಬಸದಿಯ ಬೀಗದ ಕೈಯನ್ನು ಮುಂದಿನವರಿಗೆ ಕೊಡಲು ಎಷ್ಟು ವರ್ಷ ಹಿಡಿಯುತ್ತದೆಂಬುದನ್ನು ಬಲ್ಲ ಹಿರಿಯರಿಗೆ ಇದರ ಬೆಲೆ ಬೇಗ ಅರ್ಥವಾದೀತು.

1955ರ ಹೊತ್ತಿಗೆ ಮಹಾರಾಜರಿಗೆ ಎಂಬತ್ತಮೂರು ವರ್ಷ. ಕಣ್ಣಿನ ದೃಷ್ಟಿ ದಿನದಿನಕ್ಕೆ ಕುಂದುತ್ತಿತ್ತು. ಗೃಹಸ್ಥರಿಗೆ ಕಣ್ಣು ಮಂದವಾದರೆ ಕೈಹಿಡಿದು ನಡೆಸಲು ಮಕ್ಕಳು ಮೊಮ್ಮಕ್ಕಳಿರುತ್ತಾರೆ. ಮುನಿಗಳ ಸ್ಥಿತಿ ಬೇರೆ. ನಾಲ್ಕು ಮೊಳ ಮುಂದಿನ ನೆಲವನ್ನು ಕಣ್ಣಾರೆ ನೋಡಿ ಜೀವಿಗಳನ್ನು ತುಳಿಯದಂತೆ ಹೆಜ್ಜೆಯಿಡುವ ಈರ್ಯಾಸಮಿತಿ, ನೋಡಿ ಶೋಧಿಸಿ ಆಹಾರ ಸ್ವೀಕರಿಸುವ ಏಷಣಾಸಮಿತಿ ಇವೆರಡೂ ದೃಷ್ಟಿಯನ್ನು ಅವಲಂಬಿಸಿವೆ. ಕಣ್ಣು ಹೋದ ಮೇಲೆ ಮುನಿವ್ರತವನ್ನು ದೋಷವಿಲ್ಲದೆ ಪಾಲಿಸಲಾಗದು. ವ್ರತವನ್ನು ಸಡಿಲಿಸಿ ದೇಹವನ್ನು ಉಳಿಸಿಕೊಳ್ಳುವುದೋ, ವ್ರತವನ್ನು ಉಳಿಸಿಕೊಂಡು ದೇಹವನ್ನು ಬಿಡುವುದೋ ಎಂಬ ಪ್ರಶ್ನೆಗೆ ಅವರ ಉತ್ತರ ಯಾವುದೆಂದು ಅವರನ್ನು ಬಲ್ಲವರಿಗೆ ತಿಳಿದೇ ಇತ್ತು. ಕುಲಭೂಷಣ ದೇಶಭೂಷಣ ಮುನಿಗಳು ಮುಕ್ತರಾದ ಸಿದ್ಧಕ್ಷೇತ್ರ ಕುಂಥಲಗಿರಿಯಲ್ಲಿ ಆ ವರ್ಷದ ಚಾತುರ್ಮಾಸ. ಅಲ್ಲಿ ಆಗಸ್ಟ್ ಮಧ್ಯಭಾಗದಲ್ಲಿ ಸಲ್ಲೇಖನ ವ್ರತವನ್ನು ಸ್ವೀಕರಿಸಿದರು.

ಸಲ್ಲೇಖನ ಧರಿಸುವ ಆಚಾರ್ಯನು ಮೊದಲು ಮಾಡಬೇಕಾದ ಕಾರ್ಯವನ್ನು ಶಿವಕೋಟ್ಯಾಚಾರ್ಯರ ಭಗವತೀ ಆರಾಧನೆ ವಿವರಿಸುತ್ತದೆ. ಯೋಗ್ಯನಾದ ಶಿಷ್ಯನನ್ನು ಆರಿಸಿ ಗಣವನ್ನು ಅವನಿಗೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಸಂಘದ ಎಲ್ಲರಲ್ಲಿಯೂ ಕ್ಷಮೆ ಬೇಡಬೇಕು. ಹೊಸ ಆಚಾರ್ಯನಿಗೂ ಗಣಕ್ಕೂ ಹಿತೋಪದೇಶ ಮಾಡಬೇಕು. ಬಳಿಕ ತನ್ನ ಗಣವನ್ನೇ ಬಿಟ್ಟು ಬೇರೊಂದು ಗಣಕ್ಕೆ ಹೋಗಿ ಅಲ್ಲಿ ಆರಾಧನೆಯನ್ನು ಸಾಧಿಸಬೇಕು. ಸ್ವಂತ ಗಣದಲ್ಲಿಯೇ ಉಳಿದರೆ ಶಿಷ್ಯರ ಮೇಲಿನ ಮೋಹ, ತನ್ನ ಆಜ್ಞೆ ನಡೆಯದಿದ್ದಾಗಿನ ಅಸಮಾಧಾನ ಮೊದಲಾದವು ಅಂತ್ಯಕಾಲದ ಶಾಂತಿಗೆ ಭಂಗ ತರುತ್ತವೆಂಬುದು ಆ ಶಾಸ್ತ್ರಕಾರರ ಅಭಿಪ್ರಾಯ. ಪದವಿ ಬಿಟ್ಟವನು ಅದೇ ಸ್ಥಳದಲ್ಲಿ ಕುಳಿತಿದ್ದರೆ ಬಿಟ್ಟಂತಾಗುವುದಿಲ್ಲವೆಂದು ಸಾವಿರಾರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದ ನಮ್ಮ ಪೂರ್ವಾಚಾರ್ಯರ ಲೋಕಾನುಭವವನ್ನು ಏನೆಂದು ಹೊಗಳುವುದು! ಕನ್ನಡಿಗರಿಗೆ ಇದರ ಉದಾಹರಣೆಯೂ ಸಮೀಪದಲ್ಲೇ ಇದೆ. ಶ್ರುತಕೇವಲಿ ಭದ್ರಬಾಹು ಭಟ್ಟಾರರು ಕಳ್ವಪ್ಪು ಬೆಟ್ಟದಲ್ಲಿ ತಮ್ಮ ಆಯುಸ್ಸು ಸಮೀಪಿಸಿತೆಂದು ತಿಳಿದು ಸಂಘವನ್ನು ವಿಶಾಖಾಚಾರ್ಯರಿಗೆ ಒಪ್ಪಿಸಿ ಮುಂದಕ್ಕೆ ಕಳುಹಿಸಿ, ಚಂದ್ರಗುಪ್ತ ಮುನಿಯೊಬ್ಬರನ್ನೇ ಜೊತೆಯಲ್ಲಿರಿಸಿಕೊಂಡು ಸಮಾಧಿಯನ್ನು ಸಾಧಿಸಿದ ಕಥೆ ವಡ್ಡಾರಾಧನೆಯನ್ನು ಓದಿದವರಿಗೆಲ್ಲ ಗೊತ್ತು. ಅಲ್ಲಿ ಸಂಘ ಮುಂದೆ ಹೋಯಿತು, ಗುರುಗಳು ಉಳಿದರು.

ಕುಂಥಲಗಿರಿಯಲ್ಲಿ ಯಾರು ಮುಂದಿನ ಆಚಾರ್ಯರು ಎಂಬ ಪ್ರಶ್ನೆ ಸಹಜವಾಗಿಯೇ ಎಲ್ಲರ ಮನಸ್ಸಿನಲ್ಲಿತ್ತು. ಸಮಾಜದ ಗಣ್ಯರು ದೂರದೂರಗಳಿಂದ ಬಂದು ನೆರೆದಿದ್ದರು. ತಮ್ಮ ಪ್ರಾಂತದವರು, ತಮ್ಮ ಭಾಷೆಯವರು, ತಮ್ಮ ಕುಲದವರು ಎಂಬ ಅಭಿಮಾನ ಸಾಮಾನ್ಯರನ್ನು ಬಿಡುವುದು ಕಷ್ಟ. ಮಹಾರಾಜರು ಸೂಚಿಸಿದ ಹೆಸರು ವೀರಸಾಗರ ಮುನಿಗಳದು. ವೀರಸಾಗರರು ಕನ್ನಡಿಗರಲ್ಲ. ಔರಂಗಾಬಾದ್ ಜಿಲ್ಲೆಯ ಈರ್ ಗ್ರಾಮದಲ್ಲಿ 1876ರಲ್ಲಿ ಜನಿಸಿದ ಅವರ ಪೂರ್ವಾಶ್ರಮದ ಹೆಸರು ಹೀರಾಲಾಲ ಗಂಗವಾಲ್. ಕಚನೇರ ಕ್ಷೇತ್ರದಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳಿಕೊಡುತ್ತಿದ್ದ ಬ್ರಹ್ಮಚಾರಿಗಳಾಗಿದ್ದವರು. 1924ರಲ್ಲಿ ಸಮಡೋಳಿಯಲ್ಲಿ ದೀಕ್ಷೆ ಪಡೆದು ಶಾಂತಿಸಾಗರರ ಪ್ರಥಮ ನಿರ್ಗ್ರಂಥ ಶಿಷ್ಯರೆನಿಸಿದರು. ಭಾಷೆ ಬೇರೆ, ಜನ್ಮಸಮಾಜ ಬೇರೆ, ಪ್ರಾಂತ ಬೇರೆ. ಅಷ್ಟೇ ಅಲ್ಲ, ಪದವಿಯನ್ನು ಕೊಡುವಾಗ ಅವರು ಎದುರಿನಲ್ಲಿಯೂ ಇರಲಿಲ್ಲ. ಹಲವು ವರ್ಷಗಳಿಂದ ಪ್ರತ್ಯೇಕ ಸಂಘದೊಡನೆ ವಿಹರಿಸುತ್ತ ಆ ವರ್ಷ ರಾಜಸ್ಥಾನದ ಜಯಪುರದಲ್ಲಿ ಚಾತುರ್ಮಾಸದಲ್ಲಿದ್ದರು. ಚಾತುರ್ಮಾಸದ ಮಧ್ಯದಲ್ಲಿ ಮುನಿಗಳು ಸ್ಥಳ ಬಿಟ್ಟು ಬರುವಂತಿಲ್ಲ. ಬರಹೇಳುವಂತೆಯೂ ಇಲ್ಲ. ಗುರುಗಳ ಅಂತ್ಯದರ್ಶನವೂ ಶಿಷ್ಯರಿಗೆ ಪ್ರಾಪ್ತವಾಗಲಿಲ್ಲ.

ಆಗಸ್ಟ್ ತಿಂಗಳ ಕೊನೆಯ ಭಾಗದಲ್ಲಿ ಮಹಾರಾಜರ ಆದೇಶವನ್ನು ಪತ್ರರೂಪದಲ್ಲಿ ಬರೆಯಲಾಯಿತು. ಸ್ವಂತ ಸಂತೋಷದಿಂದ ತಮ್ಮ ಪ್ರಥಮ ನಿರ್ಗ್ರಂಥ ಶಿಷ್ಯರಿಗೆ ಆಚಾರ್ಯಪದವನ್ನು ಕೊಡುತ್ತಿರುವುದಾಗಿ ಅದರಲ್ಲಿ ತಿಳಿಸಿ, ಆಗಮಕ್ಕೆ ಅನುಸಾರವಾಗಿ ನಡೆಯಬೇಕೆಂದೂ, ಕಾಲ ಬಂದಾಗ ತಮ್ಮಂತೆಯೇ ಸಮಾಧಿಯನ್ನು ಧರಿಸಬೇಕೆಂದೂ, ಆಗ ಸುಯೋಗ್ಯ ಶಿಷ್ಯನಿಗೆ ಈ ಪದವನ್ನು ಒಪ್ಪಿಸಿ ಪರಂಪರೆಯನ್ನು ಮುಂದುವರಿಸಬೇಕೆಂದೂ ಸೂಚಿಸಿದ್ದರು. ಪತ್ರದೊಡನೆ ಪಿಂಛಿ ಕಮಂಡಲುಗಳು ಜಯಪುರಕ್ಕೆ ಹೋದವು. ಅಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಚತುರ್ವಿಧ ಸಂಘದ ಸಮಕ್ಷಮ ಪತ್ರವನ್ನು ಓದಿ ವೀರಸಾಗರರಿಗೆ ಆಚಾರ್ಯಪದವನ್ನು ವಿಧಿಪೂರ್ವಕವಾಗಿ ನೀಡಲಾಯಿತು.

ಇಷ್ಟೇ ಆ ಪದಪ್ರದಾನ. ಮಠವಿಲ್ಲ, ಭಂಡಾರವಿಲ್ಲ, ಭೂಮಿಯಿಲ್ಲ, ಸಿಂಹಾಸನವಿಲ್ಲ. ಕೈಗೆ ಬಂದ ವಸ್ತುಗಳೆಂದರೆ ನವಿಲುಗರಿಯ ಕಟ್ಟು ಒಂದು, ನೀರಿನ ಪಾತ್ರೆ ಒಂದು. ಉಳಿದುದೆಲ್ಲ ಹೊಣೆ. ತಪ್ಪಿದವರಿಗೆ ಪ್ರಾಯಶ್ಚಿತ್ತ ವಿಧಿಸಬೇಕು, ದೀಕ್ಷೆ ಬೇಡಿ ಬಂದವರನ್ನು ಪರೀಕ್ಷಿಸಬೇಕು, ರೋಗಿಗಳನ್ನು ನೋಡಿಕೊಳ್ಳಬೇಕು, ಕ್ಷಪಕರಿಗೆ ಧೈರ್ಯ ಹೇಳಬೇಕು, ತಾನು ಮಾತ್ರ ಮೂವತ್ತಾರು ಗುಣಗಳಲ್ಲಿ ಒಂದನ್ನೂ ಬಿಡಬಾರದು. ವೀರಸಾಗರರಿಗೂ ಆಗ ಎಪ್ಪತ್ತೊಂಬತ್ತು ವರ್ಷ. ಬಹಳ ಕಾಲ ನಡೆಸಬಲ್ಲ ತರುಣರನ್ನು ಆರಿಸಬಾರದಿತ್ತೇ ಎಂದು ಲೌಕಿಕ ದೃಷ್ಟಿಯಿಂದ ಕೇಳುವವರಿರಬಹುದು. ಮಹಾರಾಜರು ನೋಡಿದುದು ವರ್ಷಗಳ ಎಣಿಕೆಯನ್ನಲ್ಲವೆಂದು ತೋರುತ್ತದೆ. ಮೂವತ್ತೊಂದು ವರ್ಷಗಳ ನಿರ್ದೋಷ ಚಾರಿತ್ರ, ಹಿರಿತನ, ಎಲ್ಲ ಪ್ರಾಂತದ ಮುನಿಗಳೂ ಮರುಮಾತಿಲ್ಲದೆ ವಂದಿಸಬಹುದಾದ ದೀಕ್ಷಾಕ್ರಮ ಇವುಗಳನ್ನು ಅವರು ನೋಡಿದರು. ಮೊದಲ ಹಸ್ತಾಂತರದಲ್ಲಿಯೇ ವಿವಾದ ಹುಟ್ಟಿದ್ದರೆ ಇಷ್ಟು ಕಷ್ಟದಿಂದ ಮತ್ತೆ ತಲೆಯೆತ್ತಿದ ಸಂಘ ಪ್ರಾಂತಪ್ರಾಂತವಾಗಿ ಒಡೆಯುವ ಭಯವಿತ್ತು. ತಮ್ಮವರೆಂಬ ಒಲವಿಗೆ ಅವಕಾಶ ಕೊಡದೆ ಹಿರಿಯ ಶಿಷ್ಯರನ್ನೇ ಹೆಸರಿಸಿದುದರಿಂದ ಆ ಭಯ ತಪ್ಪಿತೆಂದು ಈ ಲೇಖಕನ ನಂಬಿಕೆ.

ಪದವನ್ನು ಬಿಟ್ಟ ಬಳಿಕ ಅವರು ನಿಜವಾಗಿಯೂ ಬಿಟ್ಟರು. ಆ ದಿನಗಳಲ್ಲಿ ದರ್ಶನಕ್ಕೆ ಬಂದಿದ್ದ ಕ್ಷುಲ್ಲಿಕೆಯೊಬ್ಬರು ಆರ್ಯಿಕಾ ದೀಕ್ಷೆಯನ್ನು ಬಯಸಿದಾಗ, ತಾವು ಇನ್ನು ದೀಕ್ಷೆ ಕೊಡುವವರಲ್ಲವೆಂದೂ ವೀರಸಾಗರರಲ್ಲಿಗೆ ಹೋಗಬೇಕೆಂದೂ ತಿಳಿಸಿದರು. ಆಕೆ ಹಾಗೆಯೇ 1956ರಲ್ಲಿ ರಾಜಸ್ಥಾನದ ಮಾಧೋರಾಜಪುರದಲ್ಲಿ ವೀರಸಾಗರರಿಂದ ದೀಕ್ಷೆ ಪಡೆದರು. ಹಸ್ತಿನಾಪುರದ ಜಂಬೂದ್ವೀಪ ರಚನೆಯಿಂದ ಪ್ರಸಿದ್ಧರಾದ ಗಣಿನೀ ಜ್ಞಾನಮತಿ ಮಾತಾಜಿಯವರೇ ಅವರು.

ಸೆಪ್ಟೆಂಬರ್ 8ರಂದು ಮಹಾರಾಜರು ಕೊನೆಯ ಬಾರಿಗೆ ಸಮಾಜವನ್ನುದ್ದೇಶಿಸಿ ಮಾತನಾಡಿದರು. ಇಪ್ಪತ್ತಾರು ದಿನಗಳ ಉಪವಾಸದ ದೇಹ, ಆದರೂ ಇಪ್ಪತ್ತು ನಿಮಿಷಗಳಿಗೂ ಮೀರಿದ ಮಾತು. ಮರಾಠಿಯಲ್ಲಿದ್ದ ಆ ಪ್ರವಚನವನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಪ್ರತಿದಿನವೂ ಸ್ವಲ್ಪ ಹೊತ್ತಾದರೂ ಆತ್ಮಚಿಂತನೆ ಮಾಡಬೇಕು, ಸಂಯಮವನ್ನು ಸ್ವೀಕರಿಸಲು ಹೆದರಬಾರದು ಎಂಬುದು ಅದರ ಮುಖ್ಯ ಅಭಿಪ್ರಾಯ. ಸಂಘದ ವ್ಯವಹಾರ, ಮುಂದಿನ ಆಚಾರ್ಯರಿಗೆ ಸಲಹೆ ಎಂಬುವುಗಳಿಗಿಂತ ಕೇಳುವ ಪ್ರತಿಯೊಬ್ಬ ಶ್ರಾವಕನ ಆತ್ಮದ ವಿಚಾರವೇ ಅದರಲ್ಲಿ ತುಂಬಿತ್ತು. 1955ರ ಸೆಪ್ಟೆಂಬರ್ 18, ಭಾನುವಾರ ಬೆಳಿಗ್ಗೆ, ಸಲ್ಲೇಖನದ ಮೂವತ್ತಾರನೆಯ ದಿನ, ಸಿದ್ಧರ ಸ್ಮರಣೆಯಲ್ಲಿ ಮಹಾರಾಜರು ದೇಹತ್ಯಾಗ ಮಾಡಿದರು.

ವೀರಸಾಗರರು ಆಚಾರ್ಯಪದದಲ್ಲಿದ್ದುದು ಎರಡೇ ವರ್ಷ. 1957ರಲ್ಲಿ ಜಯಪುರದ ಖಾನ್ಯಾದಲ್ಲಿ ಅವರು ಸಮಾಧಿಸ್ಥರಾದರು. ಪದವು ಶಿವಸಾಗರರಿಗೆ ಬಂದಿತು. ಗುರುಗಳು ಪತ್ರದಲ್ಲಿ ಸೂಚಿಸಿದ್ದ ಕ್ರಮ ತಪ್ಪದೆ ನಡೆಯಿತು. 1969ರಲ್ಲಿ ಶಿವಸಾಗರರ ಅನಂತರ ಧರ್ಮಸಾಗರರು, 1987ರಲ್ಲಿ ಅಜಿತಸಾಗರರು, 1990ರಲ್ಲಿ ವರ್ಧಮಾನಸಾಗರರು. ಶ್ರವಣಬೆಳಗೊಳದ 2006 ಹಾಗೂ 2018ರ ಮಹಾಮಸ್ತಕಾಭಿಷೇಕಗಳಿಗೆ ಹೋಗಿದ್ದ ನಮ್ಮ ಊರುಗಳ ಶ್ರಾವಕರು ದರ್ಶನ ಮಾಡಿದ್ದು ಈ ವರ್ಧಮಾನಸಾಗರರನ್ನೇ. ಪಾಯಸಾಗರರಿಂದ ಜಯಕೀರ್ತಿ, ಅವರಿಂದ ಕೋಥಳಿಯ ದೇಶಭೂಷಣರು, ಅವರಿಂದ ಶೇಡಬಾಳದ ವಿದ್ಯಾನಂದರು ಎಂಬ ಇನ್ನೊಂದು ಕವಲು ಕನ್ನಡಿಗರಿಂದಲೇ ತುಂಬಿದೆ. ಅದನ್ನು ಕುರಿತು ಬರೆಯಲು ಬೇರೆಯೇ ಲೇಖನ ಬೇಕು.

ವೀರಸಾಗರರ ಕವಲಿನಲ್ಲಿ ಮುಂದೆ ನಡೆದ ಒಂದು ಪ್ರಸಂಗವನ್ನು ಹೇಳಿ ಮುಗಿಸುತ್ತೇನೆ. ಭೋಜಕ್ಕೆ ದೂರವಲ್ಲದ ಸದಲಗದ ಬಾಲಕನೊಬ್ಬನು ಶೇಡಬಾಳದಲ್ಲಿ ಶಾಂತಿಸಾಗರರ ಪ್ರವಚನವನ್ನು ಕೇಳಿ ವೈರಾಗ್ಯದ ಕಡೆಗೆ ತಿರುಗಿದನೆಂದು ಆತನ ಚರಿತ್ರೆಯಲ್ಲಿ ಹೇಳಿದೆ. ಅವರೇ ವಿದ್ಯಾಸಾಗರರು. ಅವರಿಗೆ ದೀಕ್ಷೆ ಕೊಟ್ಟ ಗುರುಗಳು ಶಿವಸಾಗರರ ಶಿಷ್ಯರಾದ ಜ್ಞಾನಸಾಗರರು, ರಾಜಸ್ಥಾನದವರು, ಸಂಸ್ಕೃತದ ಮಹಾಕವಿಗಳು. ಹಿಂದೆ ಕನ್ನಡ ಸೀಮೆಯ ಗುರು ಹೊರಗಿನ ಶಿಷ್ಯರಿಗೆ ದೀಕ್ಷೆ ಕೊಟ್ಟು ಆಚಾರ್ಯಪದಕ್ಕೆ ಬೆಳೆಸಿದ್ದ ಹಾಗೆಯೇ ಇಲ್ಲಿ ಹೊರಗಿನ ಗುರುಗಳು ಕನ್ನಡದ ಶಿಷ್ಯರನ್ನು ಬೆಳೆಸಿದರು. 1972ರ ನವೆಂಬರ್ 22ರಂದು ನಸೀರಾಬಾದಿನಲ್ಲಿ ವೃದ್ಧರಾದ ಜ್ಞಾನಸಾಗರರು ತಮ್ಮ ಆಚಾರ್ಯಪದವನ್ನು ಇಪ್ಪತ್ತಾರು ವರ್ಷದ ವಿದ್ಯಾಸಾಗರರಿಗೆ ಒಪ್ಪಿಸಿ, ಆಸನದಿಂದ ಇಳಿದು ಬಂದು ಅವರಿಗೆ ನಮಿಸಿ, ತಮ್ಮ ಸಲ್ಲೇಖನಕ್ಕೆ ನಿರ್ಯಾಪಕರಾಗಬೇಕೆಂದು ಶಿಷ್ಯರನ್ನೇ ಪ್ರಾರ್ಥಿಸಿದರು. 1973ರ ಜೂನ್ 1ರಂದು ಶಿಷ್ಯರ ಸನ್ನಿಧಿಯಲ್ಲಿ ಅವರ ಸಮಾಧಿಯಾಯಿತು. ಐವತ್ತು ವರ್ಷಗಳ ಅನಂತರ ವಿದ್ಯಾಸಾಗರರೂ ಛತ್ತೀಸಗಡದ ಡೋಂಗರಗಢದಲ್ಲಿ ಮೊದಲು ಆಚಾರ್ಯಪದವನ್ನು ತ್ಯಜಿಸಿ, ತಮ್ಮ ಪ್ರಥಮ ಮುನಿಶಿಷ್ಯರಾದ ಸಮಯಸಾಗರರನ್ನು ಅದಕ್ಕೆ ಸೂಚಿಸಿ, ಆ ಬಳಿಕ 2024ರ ಫೆಬ್ರವರಿ 18ರಂದು ದೇಹವನ್ನು ಬಿಟ್ಟರು. ಅದೇ ವರ್ಷದ ಏಪ್ರಿಲ್ 16ರಂದು ಮಧ್ಯಪ್ರದೇಶದ ಕುಂಡಲಪುರದಲ್ಲಿ ಸಮಯಸಾಗರರ ಆಚಾರ್ಯ ಪದಾರೋಹಣ ನೆರವೇರಿತು.